ಸೂರಕ್ಕಿಗಾಗಿ ಕಾಗೆಯ ಜೊತೆ ಜಗಳ

ಮಳೆ ಹಿಂದೆ ಸರಿದು, ಕೊಳ್ಳೇಗಾಲದ ನಮ್ಮ ಹಿತ್ತಲಲ್ಲಿ ದಾಸವಾಳ ಮೈತುಂಬ ಬಿರಿದಾಗ ನಾನೊಂದು ಘನ ನಿರ್ಧಾರ ಕೈಗೊಂಡೆ. ಹೂವಿನ ಜೇನು ಹೀರುವ ಪುಟ್ಟ ಸೂರಕ್ಕಿಯನ್ನು ಈ ಶರತ್ಕಾಲದಲ್ಲಿ ಹತ್ತಿರದಿಂದ ನೋಡಿಯೇ ತೀರುವುದು! ಹಕ್ಕಿ ನೋಡಲು ಬೇಕಾದದ್ದೇನು? ಕಣ್ಣು ಮತ್ತು ಕುರ್ಚಿ. ಎರಡೂ ನನ್ನಲ್ಲಿದ್ದವು.

ಸೂರಕ್ಕಿ ಬರುವ ಹೊತ್ತಿಗೆ ಕಾಗೆ ಬರುತ್ತಿತ್ತು. ಸೂರಕ್ಕಿ ಕಾಣದೆ, ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದ ಹಸಿರು ಮಿಡತೆಯನ್ನೂ ಅದು ಒಂದು ದಿನ ನನ್ನ ಕಣ್ಣೆದುರೇ ನುಂಗಿತು. ಯುದ್ಧ ಘೋಷಿಸಿದೆ. ಕೋಲು ಬೀಸಿದೆ, ಕಲ್ಲು ತೂರಿದೆ, ತಟ್ಟೆ ಬಡಿದೆ. ತಟ್ಟೆ ಎಂಬುದು ನನ್ನ ನೆನಪು. ಅದು ತನ್ನ ಹೊಸ ಬಾಣಲೆ ಎನ್ನುತ್ತಾಳೆ ಹೆಂಡತಿ. ನನ್ನ ನೆನಪು ಯಾವಾಗಲೂ ನನ್ನ ಪಕ್ಷವೇ. ನೆಗ್ಗಿರುವುದು ಮಾತ್ರ ಬಾಣಲೆ.

ಅಂತೂ ಗೆದ್ದೆ. ಕಾಗೆಗಳು ಹಿತ್ತಲು ಬಿಟ್ಟು ಕರೆಂಟ್ ಕಂಬ ಹಿಡಿದವು. ಮಾರನೆಯ ದಿನವೇ ಮಹಾಲಯ ಅಮಾವಾಸ್ಯೆ!

ತೀರಿಹೋದ ಅಪ್ಪನಿಗೆ ಎಡೆ ಇಟ್ಟು, ಅದರಲ್ಲೊಂದು ಪಾಲನ್ನು ಹಿತ್ತಲ ಕಾಂಪೌಂಡ್ ಗೋಡೆಯ ಮೇಲಿಟ್ಟು, ಕಾಗೆ ಮುಟ್ಟಿದ ಮೇಲಷ್ಟೇ ನಮ್ಮಲ್ಲಿ ಊಟ. ಸತ್ತೇಗಾಲದಿಂದ ತಂಗಿಯ ಸಂಸಾರ ಹಸಿದು ಬಂದಿತ್ತು. ಎಲೆ ಇಟ್ಟು ವಿನಯಪೂರ್ವಕವಾಗಿ "ಕಾ ಕಾ" ಎಂದೆ. ಕಂಬದ ಕಾಗೆ ನನ್ನನ್ನು ನೋಡಿತು. ಕಿರುಚಿತು. ಬೀದಿಯ ಕಾಗೆಗಳೆಲ್ಲ ಬಂದು ಕಿರುಚಿದವು. ವಡೆಯತ್ತ ಒಂದೂ ಇಳಿಯಲಿಲ್ಲ.

ನನ್ನ ಮುಖ ಗುರುತು ಹಿಡಿದಿದ್ದವು. ನಾನು ಸೋಲುವವನೇ? ಹೆಲ್ಮೆಟ್ ಹಾಕಿಕೊಂಡು ಬಂದೆ. ಹೆಲ್ಮೆಟ್ಟಿಗೇ ಕುಕ್ಕಿದವು.

ಗೋಡೆಯಾಚೆ ಪಕ್ಕದ ಮನೆಯ ನಾಗಮ್ಮನ ಎಲೆಯೂ ಒಣಗುತ್ತಿತ್ತು. "ಸಾ, ವಸಿ ಒಳೀಕೋಗಿ ಸಾ. ನಿಮ್ ದೆಸೆಯಿಂದ ನಮ್ಮತ್ತೇನೂ ಉಪಾಸ ಅವ್ರೆ," ಎಂದರು. ಅವರ ಅತ್ತೆ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು.

ಅಷ್ಟರಲ್ಲಿ ಅವ್ವ ಬಂದಳು. ಎಡೆ ಮುಟ್ಟದಷ್ಟು ಅಪ್ಪನಿಗೆ ಏನು ಕೋಪವೋ ಎಂದು ಅವಳ ಕಣ್ಣು ತುಂಬಿತ್ತು. ನನ್ನ ತಲೆಯ ಹೆಲ್ಮೆಟ್ ಕಂಡೊಡನೆ ಅವಳಿಗೆ ಕಾರಣ ಹೊಳೆಯಿತು.

"ಬದುಕಿದ್ದಾಗ್ಲೂ ಅವ್ರು ನಿನ್ ಮಕ ಕಂಡ್ರೆ ಎಲೆ ಮುಂದೆ ಕೂರ್ತಿರ್ನಿಲ್ಲ ಕಣ್ಲಾ. ಓಗು, ಬಚ್ಚಲಿಗೋಗಿ ಬಾಗ್ಲಾಕ್ಕೊ."

ಹಾಕಿಕೊಂಡೆ. ಬಚ್ಚಲ ಕಿಟಕಿಯಿಂದ ಇಣುಕಿದರೆ, ದೊಡ್ಡದೊಂದು ಕಾಗೆ ಗೋಡೆಗಿಳಿದು, ಕತ್ತು ಓರೆ ಮಾಡಿ, ವಡೆಗೆ ಕೊಕ್ಕು ಹಾಕಿತು. ಅವ್ವ ಸೆರಗು ಸರಿಮಾಡಿಕೊಂಡು ಮೆಲ್ಲಗೆ "ಬಂದ್ರು" ಎಂದಳು.

ಒಳಗೆ ಎಲ್ಲರಿಗೂ ಎಲೆ ಹಾಕಿದ್ದು ಕೇಳಿಸಿತು. ನನ್ನನ್ನು ಕರೆಯಲೇ ಎಂದು ಹೆಂಡತಿ ಕೇಳಿದಳು. ಮೊದಲು ಗೋಡೆಯ ಮೇಲೆ ಅವರ ಊಟ ಮುಗಿಯಲಿ ಎಂದಳು ಅವ್ವ.

ಅಪ್ಪ ಆ ದಿನ ಬಹಳ ನಿಧಾನವಾಗಿ ಉಂಡರು.