ಎಣ್ಣೆ ಮುಟ್ಟದ ಚಕ್ಕುಲಿಯ ದಿಗ್ವಿಜಯ

ಯುಗಗಳೊಳಗೆ ಕಲಿಯುಗವೂ, ಮಾಸಗಳೊಳಗೆ ಶ್ರಾವಣವೂ, ತಿಥಿಗಳೊಳಗೆ ಕೃಷ್ಣಪಕ್ಷದ ಅಷ್ಟಮಿಯೂ ನಡೆಯುತ್ತಿರಲಾಗಿ, ಹಾಸನ ಪಟ್ಟಣದ ನೀರಿನ ಟ್ಯಾಂಕಿನ ಹಿಂದಿನ ಬೀದಿಯ ಎರಡು ಬೆಡ್‌ರೂಮಿನ ಮಹಾಸೌಧವೊಂದರ ಅಡುಗೆಮನೆಯಲ್ಲಿ ಜರುಗಿದ ಘೋರಸಂಗ್ರಾಮವನ್ನು ಹಾಡಲು ಹೊರಟಿದ್ದೇನೆ. ವಾಗ್ದೇವಿಯು ನನ್ನ ನಾಲಗೆಯ ಮೇಲೆ ನಿಲ್ಲಲಿ. ಹಬ್ಬದ ದಿನ ನಿಲ್ಲಲು ಬಿಡುವಿಲ್ಲದಿದ್ದರೆ ಹೋಗುತ್ತಾ ಬರುತ್ತಾ ಒಂದು ಮಾತು ಎತ್ತಿಕೊಡಲಿ. ನನ್ನ ನಾಯಕಿ ಸಾಮಾನ್ಯಳಲ್ಲ. ತಪ್ತತೈಲವೈರಿಣಿ, ಧಾನ್ಯಪಿಷ್ಟಪಕ್ಷಪಾತಿನಿ, ಬಾಲಾರೋಗ್ಯರಕ್ಷಣದೀಕ್ಷಾಬದ್ಧೆಯಾದ ಆಕೆ, ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಸೌದಾಮಿನಿ.

ಸೌದಾಮಿನಿ ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ಗೋಕುಲಾಷ್ಟಮಿಯ ತಿಂಡಿಯ ಸಾಮ್ರಾಜ್ಯವು ಆಕೆಯ ಅತ್ತೆ, ಕಟಾಹಚಕ್ರವರ್ತಿನಿ ರಂಗನಾಯಕಮ್ಮನವರದಾಗಿತ್ತು. ಚಕ್ಕುಲಿ, ಕೋಡುಬಳೆ, ತೇಂಗೊಳಲು ಎಲ್ಲವೂ ಅವರ ಬಾಣಲೆಯಲ್ಲೇ ಜನ್ಮ ತಾಳಬೇಕು. ಸೊಸೆಯ ಪಾಲಿಗೆ ಬಂದದ್ದು ಡಬ್ಬ ಒರೆಸುವ ಕೆಲಸ. ಅದನ್ನಾಕೆ ವರ್ಷವರ್ಷವೂ ನುಂಗಿಕೊಂಡಳು. ಆದರೆ ಹೋದ ಅಷ್ಟಮಿಯಲ್ಲಿ ಆಕೆಯ ಮಗಳು ಚಾರ್ವಿ, ಕೈಗೆ ಸಿಕ್ಕಷ್ಟು ಚಕ್ಕುಲಿ ತಿಂದು ವಾರವಿಡೀ ಕೆಮ್ಮಿದಳು. ತಾಯಿಯಾದವಳಿಗೆ ಅಷ್ಟೂ ಗೊತ್ತಾಗಬಾರದೇ ಎಂದು ಡಾಕ್ಟರು ಗದರಿದ್ದು ಸೌದಾಮಿನಿಯನ್ನು. ನ್ಯಾಯವಾಗಿ ಆ ಬೈಗುಳ ಬಾಣಲೆಗೆ ಸಲ್ಲಬೇಕಿತ್ತು. ಏನು ಮಾಡುವುದು, ಮಗುವನ್ನು ಎತ್ತಿಕೊಂಡು ಹೋದವರಿಗೇ ಬೈಯುವುದು ವೈದ್ಯಲೋಕದ ಸಂಪ್ರದಾಯ.

ಆದ್ದರಿಂದ ಈ ವರ್ಷ ದೇವರ ಮಂಟಪದ ಮುಂದೆ ನಿಂತು ಆಕೆ ಭೀಷಣ ಪ್ರತಿಜ್ಞೆಯೊಂದನ್ನು ಕೈಗೊಂಡಳು. ರಾಗಿ, ಹೆಸರುಬೇಳೆ, ಹುರಿಗಡಲೆಗಳ ಹಿಟ್ಟಿನಿಂದ, ಒಂದು ತೊಟ್ಟು ಎಣ್ಣೆಯನ್ನೂ ಸೋಕಿಸದೆ, ಓವನ್ನಿನಲ್ಲಿ ಚಕ್ಕುಲಿ ಬೇಯಿಸುವಳು. ಅಷ್ಟಮಿಯ ಸಂಜೆ ಕೃಷ್ಣನನ್ನು ನೋಡಲು ಬರುವ ಬೀದಿಯ ಮಕ್ಕಳು ಡಬ್ಬ ಬರಿದು ಮಾಡಿದರೆ ಇನ್ನು ಮುಂದೆ ಅಷ್ಟಮಿಯ ಅಡುಗೆಮನೆ ಅವಳದು. ಉಳಿಸಿದರೆ, ಆಕೆ ಎಣ್ಣೆಯ ವಿಷಯಕ್ಕೆ ತುಟಿ ಬಿಚ್ಚದೆ ಜೀವನಪರ್ಯಂತ ಡಬ್ಬ ಒರೆಸುವಳು. ರಂಗನಾಯಕಮ್ಮನವರು ಆಗಲಿ ಎಂದರು. ತಾವೇ ಸ್ಟೂಲು ಹತ್ತಿ ಬಾಣಲೆಯನ್ನು ಅಟ್ಟಕ್ಕೇರಿಸಿದರು. ಸ್ಟೂಲನ್ನು ಮಾತ್ರ ಅಲ್ಲಿಂದ ತೆಗೆಯಲಿಲ್ಲ, ಬೇಗ ಇಳಿಸಬೇಕಾದೀತು ಎಂದು. ಎರಡೂ ಪಕ್ಷಕ್ಕೆ ಬೇಕಾದವನಾದ ಸೌದಾಮಿನಿಯ ಗಂಡ ಶ್ರೀಕಂಠ, ಹಬ್ಬದ ದಿನ ಬೆಳಗಾಗುತ್ತಲೇ ತುಳಸಿ ತರುತ್ತೇನೆಂದು ಮಾರ್ಕೆಟ್ಟಿಗೆ ಹೊರಟವನು ಸಂಜೆಯವರೆಗೆ ಪತ್ತೆಯಾಗಲಿಲ್ಲ.

ಅಷ್ಟಮಿಯ ಬೆಳಗ್ಗೆ, ಸ್ನಾನ ಮುಗಿಸಿ, ಮಡಿಯುಟ್ಟು, ಉಪವಾಸವಿದ್ದ ಆ ವೀರಾಂಗನೆ ಪರಾತವನ್ನು ಮುಂದಿಟ್ಟುಕೊಂಡು ಕುಳಿತಳು. ಹಿಟ್ಟುಗಳು ಸೇರಿದವು, ಜೀರಿಗೆ ಎಳ್ಳು ಓಮ ಬಿದ್ದವು, ಮೊಸರು ಇಳಿಯಿತು. ಫೋನಿನಲ್ಲಿ ಓಡುತ್ತಿದ್ದ ಅಡುಗೆಯ ವಿಡಿಯೋದ ಹೆಂಗಸು ಉಪ್ಪು ರುಚಿಗೆ ತಕ್ಕಷ್ಟು ಎಂದು ನುಡಿದಳು. ಇಲ್ಲಿ ಸೌದಾಮಿನಿಯ ಕೈ ತಡೆಯಿತು. ದೇವರ ನೈವೇದ್ಯಕ್ಕಾಗುವುದನ್ನು ಅವನಿಗಿಂತ ಮೊದಲು ನಾಲಗೆಗೆ ಸೋಕಿಸುವಂತಿಲ್ಲ. ಸೋಕಿಸದೆ ರುಚಿಗೆ ತಕ್ಕಷ್ಟು ಎಷ್ಟೆಂದು ಯಾವ ಗಣಿತ ಹೇಳೀತು? ಉಪ್ಪನ್ನು ಆಮೇಲೆ ಯೋಚಿಸಿ ಹಾಕಿದರಾಯಿತೆಂದು ಆಕೆ ಮುಂದಕ್ಕೆ ಹೋದಳು.

ಸರಿಯಾಗಿ ಆ ಹೊತ್ತಿಗೆ, ಹೊಸ್ತಿಲಾಚೆ ಹೂ ಕಟ್ಟುತ್ತಿದ್ದ ರಂಗನಾಯಕಮ್ಮನವರು ಶಂಖನಾದ ಮಾಡಿದರು. “ಎಲೌ ತೈಲದ್ವೇಷಿಣಿ, ಕುದಿಗಡಲಿನಲ್ಲಿ ಮಿಂದೇಳದ ಹಿಟ್ಟು ಚಕ್ಕುಲಿಯ ಪಟ್ಟವನ್ನೇರಿದ್ದನ್ನು ಮೂರು ಲೋಕದಲ್ಲಿ ಯಾರು ಕಂಡಿದ್ದಾರೆ? ಅಗ್ನಿಯನ್ನು ಪೆಟ್ಟಿಗೆಯೊಳಗೆ ಕೂಡಿಹಾಕಿದವಳೇ, ನಿನ್ನ ಗರ್ವವು ಇಂದು ಸಂಜೆ ಭಂಗವಾಗುವುದು” ಎಂಬ ಅರ್ಥ ಬರುವಂತೆ ಅವರು ಆಡಿದ ಮಾತು ಇದು: “ಅಲ್ಲ ಕಣೆ ಸೌದಾ, ಕರೀದೇ ಇದ್ರೆ ಅದು ಚಕ್ಕುಲಿ ಹೇಗಾಗತ್ತೆ? ಸುತ್ತಿಟ್ಟ ರೊಟ್ಟಿ ಅದು.”

ಸೌದಾಮಿನಿಯ ಉತ್ತರವನ್ನೂ ನಾನು ಸಿಂಹನಾದವಾಗಿಸಬಲ್ಲೆ. ಆದರೆ ಕೆಲವು ಮಾತು ಇದ್ದ ಹಾಗೇ ಇರಬೇಕು. “ಮಗು ಕೆಮ್ಮುವಾಗ ಹೆಗಲ ಮೇಲೆ ಹಾಕ್ಕೊಂಡು ಕೂತಿದ್ದು ನಾನು ಅತ್ತೆ. ಬೈಸ್ಕೊಂಡಿದ್ದೂ ನಾನೇ.”

ರಂಗನಾಯಕಮ್ಮನವರು ಮತ್ತೆ ಹೂವಿನ ದಾರ ಎತ್ತಿಕೊಂಡರು. ಸೊಸೆ ಆ ಸಿಟ್ಟಿನಲ್ಲೇ ಹಿಟ್ಟನ್ನು ನಾದಿ ನಾದಿ ಉಂಡೆ ಕಟ್ಟಿ ಚಕ್ಕುಲಿ ಒತ್ತುವ ಒರಳಿಗೆ ತುಂಬಿದಳು. ಉಪ್ಪಿನ ಜಾಡಿಯ ಮುಚ್ಚಳ ತೆರೆಯಲೇ ಇಲ್ಲ. ಅದನ್ನು ಸೊಸೆ ಗಮನಿಸಲಿಲ್ಲ, ಅತ್ತೆ ಗಮನಿಸಿದರು. ಅಯ್ಯೋ, ಎಂಥ ಧರ್ಮಸಂಕಟ. ಹೇಳಿದರೆ ಯುದ್ಧ ಸೋತಂತೆ, ಹೇಳದಿದ್ದರೆ ಬಾಲಗೋಪಾಲನಿಗೆ ಸಪ್ಪೆ ನೈವೇದ್ಯ. ಅವರು ಬಾಯಿ ತೆರೆದರು, ಮುಚ್ಚಿದರು, ಒಂದು ಮಲ್ಲಿಗೆಯನ್ನು ಎರಡು ಸಲ ಕಟ್ಟಿದರು. ಕಡೆಗೆ ಸುಮ್ಮನಾದರು. ಆ ಮೌನವನ್ನು ನಾನು ಹೊಗಳಲಾರೆ.

ಅನಂತರ ನಡೆದ ಕದನವನ್ನು ಏನೆಂದು ಬಣ್ಣಿಸಲಿ! ತಾರಾಕೃತಿರಂಧ್ರಸಮನ್ವಿತವಾದ ಹಿತ್ತಾಳೆಯ ಒರಳನ್ನು ಆಕೆ ಎರಡೂ ಕೈಗಳಿಂದ ತಿರುಗಿಸಿದರೆ ರಾಗಿಯ ಸೇನೆ ಮೊದಲ ಸುತ್ತಿನಲ್ಲೇ ತುಂಡಾಗಿ ಧರೆಗುರುಳಿತು. ಬಿಸಿನೀರು ಚಿಮುಕಿಸಿ ಮತ್ತೆ ನಾದಿದಳು. ಮೊದಲ ತಟ್ಟೆ ಓವನ್ನಿನ ಒಡಲಿನಲ್ಲಿ ಕರಕಲಾಗಿ ವೀರಸ್ವರ್ಗ ಸೇರಿತು. ತೋಳು ಸೋತಿತು, ಹೊಟ್ಟೆ ಚುರುಗುಟ್ಟಿತು, ಕಣ್ಣು ಹೊಗೆಗೆ ಉರಿಯಿತು. ಆದರೂ ಸೂರ್ಯನು ಟ್ಯಾಂಕಿನ ಹಿಂದೆ ಇಳಿಯುವಷ್ಟರಲ್ಲಿ ಡಬ್ಬದ ತುಂಬ ಕಂದುಬಣ್ಣದ, ಗುಂಡಗಿನ, ಗರಿಗರಿಯಾದ ಚಕ್ಕುಲಿಗಳು ತಲೆಯೆತ್ತಿ ನಿಂತಿದ್ದವು. ಅವನ್ನು ನೋಡಿ ಸೌದಾಮಿನಿಗೆ ಅಳುವೇ ಬಂತು. ಈ ಮನೆಯಲ್ಲಿ ಅವಳ ಕೈಯಿಂದ ಆದ ಮೊದಲ ಹಬ್ಬದ ತಿಂಡಿ ಅದು.

ಪೂಜೆಯಾಯಿತು, ನೈವೇದ್ಯವಾಯಿತು. ಭಗವಂತ ಏನೂ ಹೇಳಲಿಲ್ಲ, ಅದು ಅವನ ದೊಡ್ಡತನ. ಮಕ್ಕಳು ಬಂದು ಸಾಲಾಗಿ ಕುಳಿತರು. ಎಲ್ಲರಿಗಿಂತ ಮೊದಲು ಕಚ್ಚಿದವಳು ಚಾರ್ವಿ. ಅವಳು ಒಂದಿಷ್ಟು ಅಗಿದು, ನಿಲ್ಲಿಸಿ, ತಾಯಿಯ ಮುಖ ನೋಡಿದಳು.

“ಅಮ್ಮ, ಇದ್ರಲ್ಲಿ ಏನೋ ಇಲ್ಲ.”

ಪಕ್ಕದ ಮನೆಯ ಹುಡುಗನೊಬ್ಬ ಮರ್ಯಾದಸ್ಥ; ಬಾಯೊಳಗಿದ್ದುದನ್ನು ಉಗುಳಲೂ ಇಲ್ಲ, ನುಂಗಲೂ ಇಲ್ಲ. ಸೌದಾಮಿನಿಯ ದೃಷ್ಟಿ ಉಪ್ಪಿನ ಜಾಡಿಯತ್ತ ಹೋಯಿತು. ಆ ಕ್ಷಣದಲ್ಲಿ ತಪ್ತತೈಲವೈರಿಣಿಯೂ ಇಲ್ಲ, ದೀಕ್ಷಾಬದ್ಧೆಯೂ ಇಲ್ಲ. ಬೆಳಗ್ಗಿನಿಂದ ಒಂದು ತುತ್ತೂ ತಿನ್ನದ ಹೆಂಗಸೊಬ್ಬಳು ಡಬ್ಬದ ಮುಚ್ಚಳ ಹಿಡಿದು ನಿಂತಿದ್ದಳು.

ಗೆಲುವು ರಂಗನಾಯಕಮ್ಮನವರ ಅಂಗೈಗೆ ಬಂದಿತ್ತು. ಅವರು ಅದನ್ನು ಹಿಡಿದುಕೊಳ್ಳಲಿಲ್ಲ. ಎದ್ದು ಹೋಗಿ, ತಾವೇ ಕಡೆದು ಕೃಷ್ಣನ ಮುಂದಿಟ್ಟಿದ್ದ ಬೆಣ್ಣೆಯ ಬೋಗುಣಿಯನ್ನು ಎತ್ತಿ ತಂದರು. ಅದರ ಮೇಲೆ ಧಾರಾಳವಾಗಿ ಸಕ್ಕರೆ ಸುರಿದು ಮಕ್ಕಳ ನಡುವೆ ನೆಲದ ಮೇಲೆ ಕುಳಿತರು. ಒಂದು ಚಕ್ಕುಲಿಯನ್ನು ಬೆಣ್ಣೆಯಲ್ಲಿ ಅದ್ದಿ ಮೊಮ್ಮಗಳ ಬಾಯಿಗಿಟ್ಟರು.

ಆಮೇಲಿನದನ್ನು ಯುದ್ಧವೆನ್ನಲಾಗದು, ಲೂಟಿ ಎನ್ನಬೇಕು. ಬೆಣ್ಣೆ ಗುಡ್ಡದಿಂದ ದಿಬ್ಬವಾಗಿ, ದಿಬ್ಬದಿಂದ ಬಯಲಾಯಿತು. ಬಾಣಲೆಯಲ್ಲಿ ಕರಿದ ಚಕ್ಕುಲಿ ಎಷ್ಟು ಎಣ್ಣೆ ಕುಡಿಯುತ್ತಿತ್ತು, ಇದು ಎಷ್ಟು ಬೆಣ್ಣೆ ಹೊತ್ತಿತು ಎಂದು ಗಣಿತದ ಮೇಡಂ ಮನಸ್ಸಿನಲ್ಲಿ ಲೆಕ್ಕಕ್ಕೆ ತೊಡಗಿ, ಅರ್ಧಕ್ಕೇ ಕೈಬಿಟ್ಟಳು. ಡಬ್ಬ ಬರಿದಾಯಿತು. ಪ್ರತಿಜ್ಞೆ ನೆರವೇರಿತು.

ಮಕ್ಕಳು ಕೈ ನೆಕ್ಕುತ್ತಾ ಹೊರಟ ಮೇಲೆ ರಂಗನಾಯಕಮ್ಮನವರು ನೆಲ ನೋಡುತ್ತಾ ಹೇಳಿದರು: “ನೀನು ಉಪ್ಪು ಹಾಕ್ಲಿಲ್ಲ ಅಂತ ಬೆಳಗ್ಗೆನೇ ನೋಡ್ದೆ ಕಣೆ. ಹೇಳ್ಲಿಲ್ಲ. ತಪ್ಪಾಯ್ತು.” ಬೋಗುಣಿಯನ್ನು ಬದಿಗೆ ಸರಿಸಿ, “ಬರೋ ವರ್ಷವೂ ನೀನೇ ಮಾಡು. ನಾನು ಪಕ್ಕದಲ್ಲಿ ಕೂತ್ಕೋತೀನಿ” ಎಂದರು.

ಸೌದಾಮಿನಿ ಹೂಂ ಎಂದಳು. ಹೀಗೆ ಸಾಮ್ರಾಜ್ಯವು ಕೈಬದಲಾಗಲಾಗಿ, ವಿಜಯಶಾಲಿನಿಯು ಅತ್ತೆಯ ಪಕ್ಕದಲ್ಲಿ ಗೋಡೆಗೊರಗಿ ಕುಳಿತು, ಡಬ್ಬದ ತಳದಲ್ಲಿ ಉಳಿದಿದ್ದ ಒಂದು ಮುರುಕನ್ನು ಬಾಯಿಗೆ ಹಾಕಿಕೊಂಡಳು. ಆ ದಿನದ ಅವಳ ಮೊದಲ ತುತ್ತು ಅದು. ನಿಜಕ್ಕೂ ಚೆನ್ನಾಗಿರಲಿಲ್ಲ. ಬೆಣ್ಣೆಯೂ ಮುಗಿದುಹೋಗಿತ್ತು.