ಬೆಳ್ಳಿ ಪಟ್ಟಿ ಬಿಚ್ಚಬ್ಯಾಡ್ರಿ

ಇವತ್ತೊಂದು ದಿನ ನಗಲಾರ್ದ ಮನಿಗೆ ಹೋಗೂಣು ಅಂದ್ರೂ ಡ್ರೆಸ್ಸಿಂಗ್ ರೂಮು ಬಿಡಂಗಿಲ್ಲ ನೋಡ್ರಿ. ಆಳಂದ, ಅಫಜಲಪುರ, ಜೇವರ್ಗಿ, ವರ್ಗ ಆದಲ್ಲೆಲ್ಲ ಹೋಗಿ ಮೂರೂ ತಾಲೂಕಿನ ಮಂದಿ ಗಾಯಕ್ಕ ಪಟ್ಟಿ ಕಟ್ಟಿದ ಸಿಸ್ಟರ್ ನಾನು. ನನ್ನ ಬಾಯಿ ಜರಾ ಜೋರು. ಕೈ ಹಗೂರ ಅದ ಅಂತ ಮಂದಿ ನನ್ನ ಬಾಯಿ ತಡಕೋತಾರ.

ಈಗ ನಾಕಾರು ವರ್ಷದಿಂದ ಬೆಳ್ಳಿ ಲೇಪ ಇರೋ ಪಟ್ಟಿ ಬಂದಾವ. ನೋಡಾಕ ಬೂದಿ ಬಣ್ಣದ ಅರಿವಿ ತುಂಡು, ಅಷ್ಟೇ. ಆದ್ರ ಅದರಾಗಿನ ಬೆಳ್ಳಿ ಗಾಯದಾಗ ಕ್ರಿಮಿ ಬೆಳ್ಯಾಕ ಬಿಡಂಗಿಲ್ಲ, ಕೀವು ಆಗೂದು ಕಮ್ಮಿ. ದಿನಾ ಬಿಚ್ಚಿ ಕಟ್ಟೂ ತ್ರಾಸೂ ಇಲ್ಲ. ಷರತ್ತು ಒಂದೇ, ನಾ ಹೇಳಿದ ದಿನದ ತನಕ ಬಿಚ್ಚಬಾರದು. ನಮ್ಮ ಕಡಿ ಮಂದಿಗೆ ಮೂರು ದಿನ ಉಪಾಸ ಇರ್ರಿ ಅನ್ರಿ, ಇರ್ತಾರ. ಪಟ್ಟಿ ಬಿಚ್ಚಬ್ಯಾಡ್ರಿ ಅನ್ರಿ, ಕೈ ಸುಮ್ನಿರಂಗಿಲ್ಲ.

ಕಾಲಿಗೆ ನಡೀತದೇನು?

ಆಳಂದದಾಗ ಒಬ್ಬಾಕಿ ಆಯಿ ಬಂದಿದ್ಳು. ತೊಗರಿ ಹೊಲದಾಗ ಕೊಯ್ದ ಕಟಗಿ ಮ್ಯಾಲ ಕಾಲಿಟ್ಟು ಹಿಮ್ಮಡ ಹರಕೊಂಡಿದ್ಳು. ಗಾಯ ತೊಳದೆ. ಆಯಿ ಹೂಂ ಅನಲಿಲ್ಲ, ಹಾಂ ಅನಲಿಲ್ಲ. ಗಟ್ಟಿ ಜೀವ.

"ಆಯಿ, ಇದು ಸಾದಾ ಪಟ್ಟಿ ಅಲ್ಲ, ಬೆಳ್ಳೀದದ. ಐದು ದಿನ ಮುಟ್ಟಬ್ಯಾಡ," ಅಂದೆ.

ಆಯಿ ಗಪ್ಪನೆ ಕಾಲು ಹಿಂದಕ್ಕ ಎಳಕೊಂಡ್ಳು. "ಯವ್ವಾ, ಬೆಳ್ಳಿ ಅಷ್ಟೇ ಅದನು? ಬಂಗಾರ ಏನರೆ ಕೂಡಸ್ಯಾರನು?"

"ಬಂಗಾರ ಎಲ್ಲಿಂದ ಬರ್ತದ ಆಯಿ?"

"ಖರೆ ಹೇಳು ಮತ್ತ. ಬಂಗಾರ ಲಕ್ಷ್ಮಿ, ಕಾಲಿಗೆ ಹಾಕಬಾರದು."

ಇಲ್ಲ ಅಂತ ಆಣಿ ಮಾಡಿದ ಮ್ಯಾಲೇ ಕಾಲು ಮುಂದ ಬಂತು. ನಾ ಪಟ್ಟಿ ಕಟ್ಟಿದೆ. ಆಯಿ ಹಿಂದ ಮುಂದ ತಿರುವಿ ನೋಡಿದ್ಳು, ಕೋಲು ಹಿಡಕೊಂಡು ಬಾಗಲ ತನಕ ಹೋದ್ಳು, ಅಲ್ಲಿಂದ ತಿರುಗಿ ನಿಂತ್ಳು.

"ಯವ್ವಾ, ಬಂಗಾರದ ಪಟ್ಟಿ ಬಂದ್ರ ಫೋನ್ ಮಾಡು. ಕೈಗೆ ಗಾಯ ಮಾಡ್ಕೊಂಡು ಬರ್ತೇನಿ."

ಮಾಸ್ತರ ಕನಿಕರ

ಅಫಜಲಪುರದಾಗ ಒಬ್ರು ನಿವೃತ್ತ ಹೆಡ್ ಮಾಸ್ತರು ಇದ್ರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣಿತುಂಬ ವಿಭೂತಿ, ಎಲ್ಲಾ ಟಾಪ್‌ಟೀಪ್. ಮೊಮ್ಮಗಳ ಸ್ಕೂಟಿ ಹಿಂದ ಕುಂತು ಇಳಿಯೋ ಮುಂದ ಬಾಜೂಕ ನಿಂತ ಬೈಕಿನ ಸೈಲೆನ್ಸರ್ ತಾಗಿ ಮೀನಖಂಡ ಸುಟ್ಟಿತ್ತು. ಬೆಳ್ಳಿ ಪಟ್ಟಿ ಕಟ್ಟಿ, "ಸರ್, ಇದು ಆಮ್ಯಾಲ ಕರ್ರಗ ಆಗ್ತದ. ಹೆದರಬ್ಯಾಡ್ರಿ, ಐದು ದಿನ ಬಿಚ್ಚಬ್ಯಾಡ್ರಿ," ಅಂತ ಹೇಳಿ ಕಳಿಸಿದೆ. ಶಿಸ್ತಿನ ಮನಶ್ಯಾರು, ಇವರೊಬ್ರರೆ ಮಾತು ಕೇಳ್ತಾರ ಅಂತ ನಾ ನಿಶ್ಚಿಂತಿ ಇದ್ದೆ.

ಮೂರನೇ ದಿನಕ್ಕೇ ಬಂದ್ರು. ಕಾಲಿಗೆ ಮನಿ ಧೋತರದ ತುಂಡು ಸುತ್ತಿದ್ರು. ಕೈಯಾಗ ಪೇಪರಿನ ಪೊಟ್ಟಣ. ಬಿಚ್ಚಿದ್ರ ನಮ್ಮ ಪಟ್ಟಿ. ಅರ್ಧ ಬೆಳ್ಳಗ, ಅರ್ಧ ಕರ್ರಗ, ಎಳಿ ಎಳಿ ಎದ್ದು ನಿಂತಿತ್ತು.

"ಸರ್! ಏನ್ ಮಾಡೀರಿ ಇದಕ್ಕ?"

"ಕರ್ರಗಾಗಿತ್ತಲ್ಲ ತಂಗಿ. ನಮ್ಮನ್ಯಾಗ ಬೆಳ್ಳಿ ಸಾಮಾನು ಕರ್ರಗಾದ್ರ ವಿಭೂತಿ ಹಚ್ಚಿ ತಿಕ್ತೇವಿ. ಫಳಫಳ ಅಂತದ. ಇದಕ್ಕೂ ತಿಕ್ಕಿದೆ. ಎರಡು ಗಟ್ಟಿ ವಿಭೂತಿ ಖರ್ಚಾತು."

ನಂಗ ಸಿಟ್ಟು ನೆತ್ತಿಗೇರಿತ್ತು. ಆದ್ರ ಹೆಡ್ ಮಾಸ್ತರಿಗೆ ಹೆಂಗ ಬೈಯೂದು? ಹಲ್ಲು ಕಚ್ಚಿ ಗಾಯ ತೊಳದು ಹೊಸಾ ಪಟ್ಟಿ ಕಟ್ಟಿದೆ. ಪುಣ್ಯಕ್ಕ ಗಾಯ ಕೆಟ್ಟಿದ್ದಿಲ್ಲ.

ಮಾಸ್ತರು ಹೊಂಟವರು ನನ್ನ ಕಡಿ ಭಾಳ ಕನಿಕರದಿಂದ ನೋಡಿದ್ರು. ದನಿ ಸಣ್ಣದು ಮಾಡಿ ಅಂದ್ರು: "ಎಷ್ಟು ತಿಕ್ಕಿದ್ರೂ ಹೊಳೀಲಿಲ್ಲ ತಂಗಿ. ನಿಮಗ ಯಾರೋ ಖೋಟಾ ಬೆಳ್ಳಿ ಕೊಟ್ಟು ಮೋಸ ಮಾಡ್ಯಾರ."

ತೋರಸಾಕ ಒಂದು ಕಾಲು

ಜೇವರ್ಗಿದು ಮಾತ್ರ ನಗೂವಂಥಾದ್ದಾಗಿದ್ದಿಲ್ಲ, ಮೊದಮೊದಲು.

ಒಬ್ಬ ಟೇಲರ್. ಸಕ್ಕರಿ ಬ್ಯಾನಿ. ಬಲಗಾಲಿನ ಹೆಬ್ಬೆರಳ ಕೆಳಗ ಗಾಯ. ಮಿಷನ್ ತುಳಿಯೋದು ಆ ಕಾಲಿನ್ಯಾಗೇ. ಎರಡು ಸಲ ಕೀವು ಆಗಿತ್ತು. ಡಾಕ್ಟರು ಅವನ ಮುಂದೇ ಅಂದ್ರು: "ಮೂರನೇ ಸಲ ಕೀವು ಆತಂದ್ರ ಬೆರಳು ತಗೀಬೇಕಾಗ್ತದ. ಕಲಬುರ್ಗಿಗೆ ಬರಕೊಡ್ತೇನಿ." ಟೇಲರ್ ಮಾತು ಕಮ್ಮಿ ಮನಶ್ಯಾ. ಬೆರಳು ನೋಡಕೋತ ಕುಂತ.

"ಎರಡೂ ಸಲ ಬೆಳ್ಳಿ ಪಟ್ಟಿ ಕಟ್ಟಿ ಕಳಿಸೇನಿ. ಎರಡೂ ಸಲ ಬಿಚ್ಚೀರಿ. ಯಾಕ ಬಿಚ್ಚೀರಿ ಹೇಳ್ರಿ?" ಅಂತ ಅವನ ಹೆಂಡ್ತಿ ಮ್ಯಾಲ ಹರಿಹಾಯ್ದೆ.

ಆಕಿ ಅಳಾಕ ಹತ್ತಿದ್ಳು. "ಏನ್ ಮಾಡ್ಲಿ ಸಿಸ್ಟರೀ? ಮಾತಾಡ್ಸಾಕ ಮಂದಿ ಬರ್ತಾರ. ಹೆಣ್ಮಕ್ಕಳಿಗೆ ಬಸ್ಸು ಫ್ರೀ ಆದಾಗಿಂದಂತೂ ದಿನಕ್ಕೊಂದು ಗುಂಪು. 'ಎಲ್ಲಿ, ಗಾಯ ತೋರ್ಸು' ಅಂತಾರ. ತೋರಸಲಿಲ್ಲಂದ್ರ 'ಏನೋ ಕೆಟ್ಟ ಬ್ಯಾನಿ ಅದ, ಮುಚ್ಚಿಡಾಕತ್ತಾರ' ಅಂತ ಊರೆಲ್ಲಾ ಸುದ್ದಿ."

ಹೌದ್ರಿ, ನಮ್ಮ ಕಡಿ ಬೀಗರು ಗಾಯ ನೋಡಲಾರ್ದ ಚಾ ಮುಟ್ಟಂಗಿಲ್ಲ. ಹಂಗಾರ ಇವರಿಗೆ ನೋಡಾಕ ಏನರೆ ಬೇಕೇ ಬೇಕು ಅಂತ ನಂಗ ಒಂದು ಆಲೋಚನಿ ಬಂತು.

ಬಲಗಾಲಿಗೆ ಬೆಳ್ಳಿ ಪಟ್ಟಿ ಬರೋಬ್ಬರಿ ಕಟ್ಟಿದೆ. ಆಮ್ಯಾಲ ಏನೂ ಆಗಲಾರದ ಎಡಗಾಲಿಗೆ ದಪ್ಪನ ಸಾದಾ ಪಟ್ಟಿ ಸುತ್ತಿ, ಮ್ಯಾಲ ಕೆಂಪು ಔಷಧಿ ನಾಕು ಹನಿ ಹಾಕಿದೆ. ನೋಡಿದ್ರ ಎದಿ ಝಲ್ ಅನಬೇಕು, ಹಂಗ. "ಬಲಗಾಲಿನ ಮ್ಯಾಲ ಚಾದರ ಹೊಚ್ಚರಿ. ಬಂದವರಿಗೆ ಎಡಗಾಲು ತೋರ್ಸರಿ. ಐದು ದಿನ. ಬಲಗಾಲು ಯಾರು ಬಂದ್ರೂ ಬಿಚ್ಚಬ್ಯಾಡ್ರಿ."

ಎರಡು ದಿನ ಭಾಳ ಚಂದ ನಡೀತು. ಬಂದವರು ಎಡಗಾಲು ನೋಡಿದ್ರು, ಲೊಚಲೊಚ ಅಂದ್ರು, ಚಾ ಕುಡದು ಹೋದ್ರು.

ಮೂರನೇ ದಿನ ಹೆಂಡ್ತಿ ಅಣ್ಣ ನಿಂಬರ್ಗಾದಿಂದ ಬಂದ. ಊರಾಗ ಯಾರಿಗೆ ಏನಾದ್ರೂ ಔಷಧಿ ಹೇಳೋ ಮನಶ್ಯಾ. ಬಂದವನೇ ಎಡಗಾಲು ನೋಡಿ, "ಇದು ದವಾಖಾನಿಗೆ ಬಗ್ಗೂದಲ್ಲ," ಅಂದ. ತಂದಿದ್ದ ಬಳ್ಳೊಳ್ಳಿ, ಸುಣ್ಣ ಅರದು, ಪಟ್ಟಿ ಬಿಚ್ಚಿ ನೋಡಲಾರ್ದ ಒಳಗ ಬೆರಳು ತೂರಿಸಿ ಅಂಗಾಲಿಗೆ ಮೆತ್ತೇ ಬಿಟ್ಟ. ಆವಾಗ ಮನಿತುಂಬ ಮಂದಿ. ಅದೇ ಕಾಲು ನೋಡಿ ಈಗಷ್ಟೇ ಕಣ್ಣೀರು ಹಾಕಿದವರು. ಅವರ ಮುಂದ 'ಇದು ಸುಳ್ಳ ಕಾಲು' ಅಂತ ಹೆಂಗ ಹೇಳೂದು? ಟೇಲರ್ ಹಲ್ಲು ಕಚ್ಚಿ ಕುಂತ. ಹೆಂಡ್ತಿ ಒಳಗ ಹೋಗಿ ಸೆರಗು ಬಾಯಾಗ ತುರಕೊಂಡ್ಳು. ಮಂದಿ ಎದ್ದು ಹೋಗೋದ್ರಾಗ ಅಂಗಾಲು ಸುಟ್ಟಂಗಾಗಿತ್ತಂತ. ಆಮ್ಯಾಲ ತೊಳಕೊಂಡ್ರು.

ಐದು ದಿನ ಮುಗಿದ ಮ್ಯಾಲ ಮೂವರೂ ಬಂದ್ರು. ಭಾವನೂ ಕೂಡಿ. ಮೊದಲು ಬಲಗಾಲು ಬಿಚ್ಚಿದೆ. ಬೆಳ್ಳಿ ಪಟ್ಟಿ ಮೆತ್ತಗ ಬಿಟ್ಟುಕೊಂಡು ಬಂತು. ಕೀವಿಲ್ಲ, ವಾಸನಿ ಇಲ್ಲ. ಒಳಗ ಚಂದ ಕೆಂಪು ಮಾಂಸ ತುಂಬಾಕತ್ತಿತ್ತು. ಡಾಕ್ಟರು ಬಂದು ಬಗ್ಗಿ ನೋಡಿ, "ಬೆರಳು ಉಳೀತು," ಅಂದ್ರು. ಹೆಂಡ್ತಿ ಅಲ್ಲೇ ನೆಲಕ್ಕ ಕುಂತು ಅತ್ತುಬಿಟ್ಳು. ನಂಗೂ ಕಣ್ಣು ತುಂಬಿ ಬಂತು. ಟೇಲರ್ ಬೆರಳು ಅಲ್ಲಾಡಿಸಿ ಅಲ್ಲಾಡಿಸಿ ನೋಡಕೊಂಡ.

ಆಮ್ಯಾಲ ಎಡಗಾಲು. ಅಂಗಾಲಿನ್ಯಾಗ ಎರಡು ದೊಡ್ಡ ಬೊಬ್ಬಿ. ಡಾಕ್ಟರು ನನ್ನ ಕಡಿ ನೋಡಿದ್ರು. ಎರಡು ಪಟ್ಟಿ ಆಟ ಶುರು ಮಾಡಿದಾಕಿ ನಾನೇ, ಮುಖ ಎಲ್ಲಿ ಇಡ್ಲಿ? ಎಲ್ಲಾ ಬಿಡಿಸಿ ಹೇಳಿದೆ. "ಮ್ಯಾಲಿನ ಚರ್ಮ ಅಷ್ಟೇ, ಹೋಗ್ತದ. ಇದಕ್ಕೂ ಬೆಳ್ಳೀದೇ ಕಟ್ಟು," ಅಂದು ನಕ್ಕೋತ ಹೋದ್ರು.

ಭಾವ ಬಾಯಿ ತೆಗದು ಎಲ್ಲಾ ಕೇಳಾಕತ್ತಿದ್ದ. ನಾಚಿಕೊಂಡು ಹೊರಗ ಹೋಗ್ತಾನ ಅಂತ ನಾ ತಿಳಕೊಂಡೆ. ಎಲ್ಲಿ? ಎದಿ ಉಬ್ಬಿಸಿ ಮುಂದ ಬಂದ.

"ನೋಡಿದ್ರೇನ್ರಿ ಸಿಸ್ಟರೀ ನನ್ನ ಔಷಧಿ ಜೋರು? ಎಡಗಾಲಿಗೆ ಹಚ್ಚೇನಿ, ಬಲಗಾಲಿನ ಗಾಯ ಮಾಯ್ದದ!"

ಐದು ದಿನ ಬಾಯಿ ಬಿಡಲಾರದ ಟೇಲರ್ ಆವಾಗ ಬಾಯಿ ಬಿಟ್ಟ.

"ಹೌದ್ರಿ ಭಾವಾರ. ಈಗ ಎಡಗಾಲಿಗೆ ಗಾಯ ಆಗ್ಯಾದ. ನಿಮ್ಮ ಕಾಲು ಇತ್ಲಾಗ ಚಾಚ್ರಿ, ಔಷಧಿ ಹಚ್ತೇನಿ."