ಬಿಳಿಯಪ್ಪನ ನೀಲಿ ಜಾಡಿ

ಘನ ವಾಚಕ ಮಹಾಶಯರೇ, ಸೂರ್ಯನನ್ನು ನಂಬಿ ಕೆಟ್ಟವರಿಲ್ಲವೆಂದು ದೃಢವಾಗಿ ತಿಳಿದಿದ್ದ ಒಬ್ಬ ಸಂಶೋಧಕನ ವೃತ್ತಾಂತವನ್ನು ಅವಧರಿಸಬೇಕು.

ಟೈಟಾನಿಯಂ ಡೈಆಕ್ಸೈಡಿನ ನವಿರು ಪುಡಿ ಸದಾ ಮೀಸೆಯ ಮೇಲೆ ಕುಳಿತಿರುತ್ತಿದ್ದುದರಿಂದ ಪ್ರಯೋಗಾಲಯವೆಲ್ಲ ಅವನನ್ನು ಬಿಳಿಯಪ್ಪ ಎನ್ನುತ್ತಿತ್ತು. ಬೆಳಕು ಬಿದ್ದರೆ ಆ ಪುಡಿ ನೀರಿನ ಕೊಳೆಯನ್ನು ತಿಂದುಹಾಕುತ್ತದೆ. ಆದರೆ ಅತಿನೇರಳೆ ಕಿರಣಕ್ಕಷ್ಟೇ ಏಳುತ್ತದೆ. ಉಳಿದ ಬೆಳಕಿಗೆ ಕುಂಭಕರ್ಣ. ಬಿಳಿಯಪ್ಪ ಯೂರಿಯಾ ಬೆರೆಸಿ, ಕುಲುಮೆಯಲ್ಲಿ ಸುಟ್ಟು, ಅದರ ನಿದ್ದೆ ಬಿಡಿಸಿದ್ದ. ಪುಡಿ ಹಳದಿಗೆ ತಿರುಗಿತು. ಅವನ ಹೆಸರು ಮಾತ್ರ ತಿರುಗಲಿಲ್ಲ.

ಅಂದು ನೀಲಿ ಬಣ್ಣ ಕಲಸಿದ ನೀರಿನ ಜಾಡಿಗೆ ಆ ಪುಡಿ ಹಾಕಿ ಕಿಟಕಿಯಲ್ಲಿಟ್ಟಿದ್ದ. ಪುಡಿ ಆ ಬಣ್ಣವನ್ನು ಅಳಿಸಿದ್ದನ್ನು ಮುಖ್ಯಸ್ಥರು ಕಣ್ಣಾರೆ ಕಂಡರೆ ಅವನ ಮೇಜು ಉಳಿಯುತ್ತಿತ್ತು. ಇಲ್ಲವಾದರೆ ಬೇರೆಯವರ ಪಾಲು.

ಕಿಟಕಿಯ ಬೆಳಕಿನಲ್ಲಿ ನೀಲಿ ಮಾಯವಾದದ್ದೇ ತಡ, ಅವನು ಓಡಿಹೋಗಿ ಮುಖ್ಯಸ್ಥರನ್ನು ಕರೆತಂದ. ನೋಡಿದರೆ ಜಾಡಿಯಲ್ಲಿ ಕಡು ನೀಲಿ!

"ಏನಯ್ಯಾ, ನಿನ್ನ ಪುಡಿ ಬಣ್ಣ ತಿನ್ನುತ್ತೋ, ಕಕ್ಕುತ್ತೋ?"

"ಈಗ ತಾನೇ ಹೋಗಿತ್ತು ಸಾರ್, ನನ್ನ ಕಣ್ಣಾಣೆ!"

"ಮೊದಲು ಆ ಕಣ್ಣು ತೋರಿಸ್ಕೋ."

ಸಂಜೆಯೊಳಗೆ ಬಣ್ಣ ಮತ್ತೆ ಹೋಯಿತು. ಬಿಳಿಯಪ್ಪ ಮತ್ತೆ ಓಡಿದ. ಮುಖ್ಯಸ್ಥರು ಹಳೆಯ ಬಸ್ಸಿನಂತೆ ಏದುತ್ತ ಮೆಟ್ಟಿಲು ಹತ್ತಿ ಬಂದರೆ, ಜಾಡಿ ಮತ್ತೆ ನೀಲಿ.

"ಇನ್ನೊಂದ್ಸಲ ಕರೆದ್ರೆ ನಿನ್ನನ್ನೇ ಜಾಡಿಗೆ ಅದ್ದಿಬಿಡ್ತೀನಿ!"

ಪಕ್ಕದ ಮೇಜಿಗೆ ಹೊಸದಾಗಿ ಬಂದಿದ್ದ ಅಕ್ಕ ಎದ್ದು ನಿಂತಳು. ಬಟ್ಟೆಯ ಬಣ್ಣ ಬಿಸಿಲಿಗೆ ಮಾಸದಂತೆ ಮಾಡುವುದೇ ಅವಳ ಕೆಲಸ.

"ಬೈಬೇಡಿ ಸಾರ್, ಪಾಪ. ಬಣ್ಣ ಎರಡು ಸಲಾನೂ ಹೋಗಿತ್ತು. ನೀವು ನೋಡಿದ್ರೆ ಇವನ ಮರ್ಯಾದೆ ಹೋಗುತ್ತಲ್ಲಾ ಅಂತ ನಾನೇ ಸುರಿದೆ."

"ಅಕ್ಕಾ! ಹೋಗಲಿ ಅಂತಲೇ ಇಟ್ಟಿದ್ದು!"

"ಬಣ್ಣ ಹೋಗಿಸೋಕೂ ಸಂಬಳ ಕೊಡ್ತಾರೇನೋ ತಮ್ಮಾ?"

"ಯಾವ ಬಣ್ಣ ಸುರಿದ್ರಿ?" ಎಂದರು ಮುಖ್ಯಸ್ಥರು.

"ನಂದೇ ಸಾರ್. ಎಂಥ ಬಿಸಿಲಿಗೂ ಜಪ್ಪಯ್ಯ ಅನ್ನಲ್ಲ."

ಬಿಳಿಯಪ್ಪನ ಎದೆ ಪೂರಿಯಂತೆ ಉಬ್ಬಿತು. ಜಪ್ಪಯ್ಯ ಅನ್ನದ ಬಣ್ಣವನ್ನೂ ಅವನ ಪುಡಿ ನುಂಗಿ ನೀರು ಕುಡಿದಿತ್ತು!

"ಅಂದ್ರೆ ಇವರ ಗಟ್ಟಿ ಬಣ್ಣವೂ ಹೋಯ್ತು ಅನ್ನು!"

"ಹೌದು ಸಾರ್!"

"ಘೋರ ಲೋಪ!" ಮುಖ್ಯಸ್ಥರು ಅಕ್ಕನ ಕಡೆ ತಿರುಗಿದರು. "ನಿಮ್ಮ ಬಣ್ಣ ಇನ್ನೂ ಗಟ್ಟಿಯಾಗ್ಬೇಕಮ್ಮ. ಜಾಗ ಸಾಲದಿದ್ರೆ ಇವನ ಮೇಜೂ ತಗೊಳ್ಳಿ."

ಅವರು ಇಳಿದುಹೋದ ಮೇಲೆ ಅಕ್ಕ ತನ್ನ ಸೀಸೆಗಳನ್ನು ಸರಿಸಿ ಗೇಣಗಲ ಜಾಗ ಮಾಡಿದಳು. "ಬಾ ತಮ್ಮಾ, ಈ ಮೂಲೆ ನಿಂದು. ನಾನು ಗಟ್ಟಿ ಮಾಡ್ತಾ ಹೋಗ್ತೀನಿ, ನೀನು ತಿನ್ನಿಸ್ತಾ ಹೋಗು. ಯಾರು ಸೋಲ್ತಾರೋ ನೋಡೇಬಿಡೋಣ."

ಬಿಳಿಯಪ್ಪ ಜಾಡಿಯನ್ನು ಮತ್ತೆ ಕಿಟಕಿಗೆ ಸರಿಸಿದ. ಇಳಿಬಿಸಿಲಿನಲ್ಲೂ ನೀಲಿ ಆಗಲೇ ತೆಳುವಾಗತೊಡಗಿತ್ತು.

ನಾನಿನ್ನು ಗಂಟುಮೂಟೆ ಕಟ್ಟಿ ಹೊರಡುತ್ತೇನೆ. ಮೈಮೇಲಿರುವುದು ಹೊಸ ನೀಲಿ ಅಂಗಿ. ಆ ಕಿಟಕಿಯಿಂದ ದೂರ ಸುತ್ತಿಕೊಂಡು ಹೋಗುವುದೇ ಕ್ಷೇಮ.